ಏಳನೆಯ ಎಚ್ಚರಿಕೆ

ಬೆಳಿಗ್ಗೆ ಒಲೆಯ ಬೂದಿ ತೆಗೆದೆ, ನೀರುದೋಸೆ ಹೊಯ್ದೆ, ಎರಡು ಸೀರೆ ಒಗೆದು ಹಾಕಿದೆ, ಬಸ್ಸು ಹಿಡಿದು ಪುತ್ತೂರಿನ ಕಾಲೇಜಿಗೆ ಹೋಗಿ ಎರಡು ಗಣಿತ ಪಾಠ ಮಾಡಿದೆ. ಹನ್ನೊಂದು ಗಂಟೆಗೆ, ಒಬ್ಬ ಹುಡುಗಿಯ ಓದು ನನ್ನಿಂದ ನಿಲ್ಲುವುದರಲ್ಲಿದೆ ಎಂದು ಗೊತ್ತಾಯಿತು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಕಾಲೇಜಿಗೆ ಹೊಸ ಕಂಪ್ಯೂಟರ್ ಬಂದಿತ್ತು. ಅಂಕಪಟ್ಟಿ ಮಾಡುವ ಪ್ರೋಗ್ರಾಮನ್ನು ಸಿ ಭಾಷೆಯಲ್ಲಿ ನಾನೇ ಬರೆಯುತ್ತೇನೆಂದು ಪ್ರಿನ್ಸಿಪಾಲರಿಗೆ ಮಾತು ಕೊಟ್ಟೆ. ಬರೆದೂ ಬಿಟ್ಟೆ. ಬರೆದದ್ದನ್ನು ಓದಿ ತಪ್ಪು ಹುಡುಕುವ ಇನ್ನೊಂದು ಪ್ರೋಗ್ರಾಂ ಇತ್ತು. ಅದು ಏಳು ಕಡೆ ಒಂದೇ ದೂರು ಹೇಳಿತು: ಇಲ್ಲಿ ಅಂಕದ ಖಾನೆಗೆ ಬೆಲೆ ತುಂಬದೆ, ಖಾಲಿಯಾಗಿಯೇ ಬಳಸುತ್ತಿರಬಹುದು.

ಮೊದಲನೆಯದನ್ನು ನೋಡಿದೆ. ತರಗತಿಯಲ್ಲಿ ಒಬ್ಬ ವಿದ್ಯಾರ್ಥಿಯೂ ಇಲ್ಲದಿದ್ದರೆ ಮಾತ್ರ ಬೆಲೆ ತುಂಬುವುದಿಲ್ಲ. ಹಾಗಿದ್ದರೆ ನಾನು ಪಾಠ ಮಾಡುವುದು ಯಾರಿಗೆ? ಆರನೆಯದರವರೆಗೂ ಇಂಥದೇ ಸುಳ್ಳು ಗಾಬರಿ. ಏಳನೆಯದನ್ನು ನೋಡುವ ತಾಳ್ಮೆ ಉಳಿಯಲಿಲ್ಲ. ಏಳೂ ಕಡೆ ಮೊದಲಿಗೇ ಸೊನ್ನೆ ತುಂಬಿಸಿದೆ. ದೂರು ನಿಂತಿತು. ನನ್ನ ಜಾಣ್ಮೆಗೆ ನಾನೇ ತಲೆದೂಗಿದೆ.

ಕನ್ನಡ, ಹಿಂದಿ, ಸಂಸ್ಕೃತ ತೆಗೆದುಕೊಂಡವರ ಭಾಷಾ ಅಂಕ ಎಲ್ಲಿಂದ ತರಬೇಕೆಂದು ಬರೆದಿದ್ದೆ. ಮಲಯಾಳಂ ಮರೆತಿದ್ದೆ. ಅದನ್ನು ತೆಗೆದುಕೊಂಡವಳು ಕಾಲೇಜಿಗೆ ಒಬ್ಬಳೇ, ಕಡಬದ ಕಡೆಯ ಏಲಿಯಮ್ಮ. ಏಳನೆಯ ದೂರು ಅವಳ ಅಂಕದ್ದು; ನಾನು ತುಂಬಿಸಿದ ಸೊನ್ನೆ ಪಟ್ಟಿಯಲ್ಲಿ ಹಾಗೇ ಉಳಿದಿತ್ತು.

ಪಟ್ಟಿ ಹಚ್ಚಿದ ನಾಲ್ಕನೆಯ ದಿನ, ಆ ಹನ್ನೊಂದು ಗಂಟೆಗೆ, ಅವಳನ್ನು ಕರೆದುಕೊಂಡು ಅವಳ ತಂದೆ ಬಂದರು.

"ಮೇಡಂ, ಇವಳಿಗೆ ಮಲಯಾಳಂನಲ್ಲಿ ಸೊನ್ನೆ. ಮನೆಯಲ್ಲಿ ಇವಳು ಜಗಳ ಮಾಡುದೇ ಮಲಯಾಳಂನಲ್ಲಿ. ಓದಿದ್ದು ಸಾಕು, ಟಿ.ಸಿ. ಕೊಡಿ."

"ನಾನು ಬರೆದದ್ದು ಉಂಟು ಮೇಡಂ," ಎಂದಳು ಏಲಿಯಮ್ಮ. ಕಣ್ಣು ಊದಿತ್ತು.

ಉತ್ತರಪತ್ರಿಕೆಯ ಕಟ್ಟು ಬಿಚ್ಚಿದೆ. ಎಪ್ಪತ್ತೊಂದು.

ತಂದೆ ಅದನ್ನು ಎರಡು ಸಲ ನೋಡಿದರು. "ನಾಲ್ಕು ದಿನ ಇವಳತ್ರ ಮಾತಾಡ್ಲಿಲ್ಲ ನಾನು," ಎಂದು ಕುರ್ಚಿಯಲ್ಲಿ ಕೂತರು.

"ಸೊನ್ನೆ ಹಾಕಿದ್ದು ಯಾರು ಮೇಡಂ?" ಅವಳು ಕೇಳಿದಳು.

'ಕಂಪ್ಯೂಟರ್' ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು.

"ನಾನು," ಎಂದೆ.

ಟಿ.ಸಿ. ಯಾರೂ ಕೇಳಲಿಲ್ಲ. ಹೋಗುವಾಗ ತಂದೆ ನಮಸ್ಕರಿಸಿದರು. ಅವಳು ನನ್ನ ಕಡೆ ನೋಡಲಿಲ್ಲ. ನೋಡಬೇಕಾಗಿಯೂ ಇರಲಿಲ್ಲ.

ಸಂಜೆ ನನ್ನವರಿಗೆ ಎಲ್ಲ ಹೇಳಿದೆ.

"ಅದು ಏಳು ಸಲ ಹೇಳಿತ್ತಲ್ಲ ಮಾರಾಯ್ತಿ?"

"ಆರು ಸಲ ಹೇಳಿದ್ದು ಸುಳ್ಳು."

"ನಾನು ಹೇಳಿದ್ದನ್ನೂ ನೀನು ಹೀಗೇ ಕೇಳುದು."

ಗಂಜಿ, ಹುರುಳಿ ಚಟ್ನಿ ಬಡಿಸಿದೆ. ಚಟ್ನಿಗೆ ಉಪ್ಪು ಉಂಟಾ ನೋಡು ಎಂದರು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ, ವಾದಿಸದೆ ರುಚಿ ನೋಡಿದೆ. ಸರಿಯಾಗಿಯೇ ಇತ್ತು. ಆ ರಾತ್ರಿ ಮೊದಲು ನಿದ್ದೆ ಹೋದದ್ದು ಅವರು; ನನ್ನ ತಲೆಯಲ್ಲಿ ಏಳನೆಯ ದೂರು ಇನ್ನೂ ಓಡುತ್ತಿತ್ತು.