ಜೋಡಿ ಚಿಕ್ಕಿಯೂ ಪತಿ-ಪತ್ನಿ ಪ್ರಕರಣವೂ

ಮುಗಿಲು ನೋಡೋ ಹುಚ್ಚು ಹತ್ತಿದವರಿಗೆ ನೆಲದ ಮ್ಯಾಲ ಫಜೀತಿ ತಪ್ಪಿದ್ದಲ್ಲ ನೋಡ್ರಿ. ನಮ್ಮ ಮನ್ಯಾಗ ಆ ಹುಚ್ಚು ಗಂಡ ಹೆಂಡ್ತಿ ಇಬ್ಬರಿಗೂ ಐತಿ, ಹಿಂಗಾಗಿ ಫಜೀತಿನೂ ಡಬಲ್.

ನಾನು ಇಂಡಿಯೊಳಗ ಹೈಸ್ಕೂಲಿಗೆ ವಿಜ್ಞಾನ ಹೇಳ್ತೇನಿ. ನಮ್ಮ ಮನಿಯವರು ಮುದ್ದೇಬಿಹಾಳದಾಗ ಒಂದು ಖೋಲಿ ಹಿಡಕೊಂಡು, ಬಾಜೂ ಹಳ್ಳಿ ಸಾಲ್ಯಾಗ ಗಣಿತ ಹೇಳ್ತಾರ. ಲಗ್ನ ಆದಾಗಿಂದ ಇದ ನಮ್ಮ ಸಂಸಾರ: ಶನಿವಾರ ಸಂಜಿಗೆ ಕೂಡೂದು, ಸೋಮವಾರ ನಸುಕಿನ್ಯಾಗ ಅಗಲೂದು. ನಡುವ ಸಿಂದಗಿ, ದೇವರ ಹಿಪ್ಪರಗಿ, ಬಸವನ ಬಾಗೇವಾಡಿ. ಯಾವ ಬಸ್‌ಸ್ಟ್ಯಾಂಡಿನ ಚಾದಾಗ ಸಕ್ಕರಿ ಹೆಚ್ಚು, ಯಾವುದರಾಗ ನೀರು ಹೆಚ್ಚು, ನಿದ್ದಿಗಣ್ಣಾಗ ಕೇಳಿದ್ರೂ ಹೇಳ್ತೇನಿ.

ಇಬ್ಬರಿಗೂ ಸೇರಿ ಇರೂದು ಒಂದ ದುರ್ಬೀನು. ಅದಕ್ಕ ಬೆಳಕು ಸೀಳೋ ಗಾಜಿನ ಬಿಲ್ಲೆ ಹಚ್ಚಿ ಒಂದು ಚಿಕ್ಕಿ, ಅಂದ್ರ ನಕ್ಷತ್ರ, ನೋಡ್ತೇವಿ. ಶಿವರಾತ್ರಿ ಆಜೂಬಾಜು ಊಟದ ಹೊತ್ತಿಗೆ ದಕ್ಷಿಣಕ್ಕ ಮಾರಿ ಮಾಡಿ ನಿಂತ್ರ, ಅಗಸ್ತ್ಯ ಚಿಕ್ಕಿಯಿಂದ ಎಡಕ್ಕ, ಸ್ವಲ್ಪ ಮ್ಯಾಲ. ಕಣ್ಣಿಗೆ ಒಂದ, ಖರೇ ಅಂದ್ರ ಎರಡು. ಎರಡೂ ಸೂರ್ಯಗಿಂತ ಭಾಳ ಭಾರ. ಒಂದಕ್ಕ ವಯಸ್ಸಾಗಿ, ಮೈಮ್ಯಾಲಿನ ಹೊದಿಕಿ ಎಲ್ಲ ಗಾಳಿಗೆ ತೂರಾಕತ್ತೈತಿ. ಅಷ್ಟಾದ್ರೂ ಜೋಡಿ ಬಿಟ್ಟಿಲ್ಲ, ಒಂದರ ಸುತ್ತ ಒಂದು ತಿರಗ್ತಾವ. ಈ ವಾರ ಅವರು ನೋಡಿದ್ರ ಮುಂದಿನ ವಾರ ನಾನು. ದುರ್ಬೀನು ಒಂದ ಇದ್ದದ್ದಕ್ಕ ಪಾಳಿ. ಒಂದ ಊರಾಗ ಇದ್ದು, ಒಂದ ಮಾಳಿಗಿ ಮ್ಯಾಲ, ದಿನಾ ರಾತ್ರಿ ಇಬ್ಬರೂ ಕೂಡಿ ನೋಡಬೇಕು ಅನ್ನೂದೊಂದ ನಮ್ಮ ಆಸೆ. ಅದಕ್ಕಂತ ಪ್ರತಿ ವರ್ಷ ವರ್ಗಾವಣೆಗೆ ‘ಪತಿ-ಪತ್ನಿ ಪ್ರಕರಣ’ ಅಂತ ಅರ್ಜಿ ಹಾಕ್ತೇವಿ. ಪ್ರಕರಣ ಅಂದಕೂಡ್ಲೆ ನಾವೇನೋ ಕಳವು ಮಾಡೇವೇನೋ ಅನ್ನಸ್ತೈತಿ.

ಟಿಕೇಟು

ದುರ್ಬೀನಿಗೆ ಪೆಟ್ಟಾಗಬಾರದು ಅಂತ ನಮ್ಮವ್ವ ಹೊಲಿದ ಕೌದಿ ಸುತ್ತಿ ಬಸ್ಸಿನ್ಯಾಗ ತೊಡಿಮ್ಯಾಲ ಮಲಗಿಸಿಕೊಂಡು ಕೂಡ್ತೇನಿ. ಒಮ್ಮೆ ಸಿಂದಗಿಯೊಳಗ ಹತ್ತಿದ ಮುದುಕಿಯೊಬ್ಬಾಕಿ ಬಾಜೂಕ ಕುಂತು, ಸ್ವಲ್ಪ ಹೊತ್ತು ನೋಡಿ, ಸಿಟ್ಟಿಗೆದ್ಲು.

“ಏ ಯವ್ವಾ, ಕೂಸಿನ ಮಾರಿ ಅಷ್ಟು ಬಿಗಿ ಮುಚ್ಚೀಯಲ್ಲ, ಉಸಿರು ಕಟ್ಟತೈತಿ, ಬುದ್ಧಿ ಐತಿಲ್ಲ ನಿನಗ?”

“ಕೂಸಲ್ಲ ಆಯಿ, ದುರ್ಬೀನು” ಅಂದೆ.

ಆಕಿ ನಂಬಲಿಲ್ಲ. ಕೌದಿ ಸರಿಸಿ ನೋಡಿ, “ಅಯ್ಯ ಶಿವನ, ಕಬ್ಬಿಣದ ಪೈಪು!” ಅಂತ ಕೂಗಿದ್ಲು. ಮುಂದಿನ ಸೀಟಿನವ್ರು ಹೊಳ್ಳಿ, “ಬೋರಿನ ಮೋಟಾರ್ ಏನ್ರಿ? ಸುಟ್ಟೈತೇನು?” ಅಂತ ಕೇಳಿದ್ರು. ಮುದುಕಿ ಕೂಸು ಅಂದದ್ದು ಮಾತ್ರ ನನ್ನ ತಲ್ಯಾಗ ಉಳೀತು. ವಾರಕ್ಕೊಮ್ಮೆ ಕೂಡೋ ಸಂಸಾರದಾಗ ಕೂಸಿನ ಮಾತು ಯಾವಾಗಲೂ ಮುಂದಿನ ವರ್ಗಾವಣೆ ಆದಮ್ಯಾಲ.

ಅಷ್ಟರಾಗ ಕಂಡಕ್ಟರ್ ಬಂದ. “ಇದಕ್ಕ ಲಗೇಜ್ ಟಿಕೇಟು ತಗೀಬೇಕು ನೋಡ್ರಿ ಟೀಚರ್.”

“ತೊಡಿಮ್ಯಾಲ ಐತಲ್ರಿ. ಹೆಂಗಸರಿಗೆ ಫ್ರೀ ಅಂತಾರ, ನನ್ನ ಜೋಡಿ ಇದ್ದದ್ದಕ್ಕೂ ಫ್ರೀ ಕೊಡ್ರಿ” ಅಂದೆ, ಚಾಷ್ಟಿಗೆ.

ಕಂಡಕ್ಟರ್ ದುರ್ಬೀನನ್ನ ಬುಡದಿಂದ ತುದಿತನಕ ನೋಡಿದ. “ಹೆಣ್ಣು ಅಂತ ಆಧಾರ್ ಕಾರ್ಡ್ ತೋರಸ್ರಿ, ಬಿಡ್ತೇನಿ.”

ಮಾಳಿಗಿ ಮ್ಯಾಲ

ಇಂಡಿಯೊಳಗ ನಮ್ಮ ಮನಿ ಮಾಲಕಿ ಅಗದಿ ಒಳ್ಳೆಯಾಕಿ, ಆದ್ರ ಅನುಮಾನ ಜಾಸ್ತಿ. ಬ್ಯಾಸಿಗಿಗೆ ಊರಿಗೆ ಊರ ಮಾಳಿಗಿ ಮ್ಯಾಲ ಮಲಗ್ತೈತಿ. ಅಂಥಾದರಾಗ ಬಾಡಿಗಿ ಮನಿ ಟೀಚರ್ ದುರ್ಬೀನು ಹಿಡಕೊಂಡು ಏರ್ತಾಳ ಅಂದ್ರ? ಓಣಿಯವ್ರು ಸೀರಿ ಅಡ್ಡ ಕಟ್ಟಾಕ ಸುರು ಮಾಡಿದ್ರು. ತನಿಖೆ ಮಾಡಾಕ ಮಾಲಕಿನ ಮ್ಯಾಲ ಬಂದ್ಲು.

“ನೀವ ನೋಡ್ರಿ ವೈನಿ” ಅಂತ ಕಣ್ಣು ಹಚ್ಚಸಿದೆ. “ಇದರಾಗ ಎರಡು ಚಿಕ್ಕಿ ಅದಾವ.”

“ಹೌದ್ ಬಿಡ್ರಿ, ಬಾಜೂಕ ಸಣ್ಣದೊಂದು ಕಾಣತೈತಿ.”

“ಅದಲ್ರಿ, ಅದು ಬಾಜೂ ಮನಿದು. ಈ ದೊಡ್ಡದರೊಳಗ ಇಬ್ಬರು. ಎಷ್ಟು ಹತ್ತರ ಅದಾರಂದ್ರ ನಮ್ಮ ದುರ್ಬೀನಿನ್ಯಾಗ ಬ್ಯಾರೆ ಬ್ಯಾರೆ ಕಾಣಂಗಿಲ್ಲ.”

“ಕಾಣಂಗಿಲ್ಲ ಅಂದ್ರ ಇಬ್ಬರು ಅಂತ ಹೆಂಗ ಹೇಳ್ತೀರಿ?”

ಬೆಳಕು ಸೀಳಿದ್ರ ಬಣ್ಣದ ಪಟ್ಟಿ ಬರ್ತೈತಿ, ಅದರಾಗಿನ ಗೆರಿ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಸರೀತಾವ, ಒಬ್ಬರು ನಮ್ಮ ಕಡೆ ಬರುಮುಂದ ಇನ್ನೊಬ್ಬರು ಹಿಂದ ಹೋಗ್ತಿರ್ತಾರ ಅಂತ ಕೈಮಾಡಿ ಮಾಡಿ ತಿಳಿಸಿ ಹೇಳಿದೆ. ಹೇಳ್ತಾ ಹೇಳ್ತಾ ಮುದ್ದೇಬಿಹಾಳ ನೆನಪಾಗಿ ದನಿ ಸಣ್ಣದಾತು. ಮಾಲಕಿ ಗಲ್ಲಕ್ಕ ಕೈ ಹಚ್ಚಿ ವಿಚಾರ ಮಾಡಿದ್ಲು.

“ಏನ ಅನ್ರಿ ಅಕ್ಕಾರ, ಹಗಲು ರಾತ್ರಿ ಇಷ್ಟು ಹತ್ತರ ಅದಾರ ಅಂದಮ್ಯಾಲ ಇಬ್ಬರಾಗ ಒಬ್ಬರಿಗೂ ಸರಕಾರಿ ನೌಕರಿ ಇಲ್ಲ ಬಿಡ್ರಿ.”

ಕುಂಡಲಿ

ಮುದ್ದೇಬಿಹಾಳದ ಕತಿ ಬ್ಯಾರೆ. ಅಲ್ಲಿ, ‘ಗಣಿತದ ಮಾಸ್ತರ ಜೋಡಿ ಚಿಕ್ಕಿ ನೋಡ್ತಾರಂತ, ಕೂಡತಾವೋ ಅಗಲತಾವೋ ಕರೆಕ್ಟ್ ಹೇಳ್ತಾರಂತ’ ಅಂತ ಸುದ್ದಿ ಹಬ್ಬಿತ್ತು. ಒಂದು ರವಿವಾರ, ನಾ ಅಲ್ಲೇ ಇದ್ದಾಗ, ಬಸವನ ಬಾಗೇವಾಡಿ ಕಡೆಯಿಂದ ಒಬ್ಬ ಹಿರಿಯರು ಎರಡು ಕುಂಡಲಿ ಹಿಡಕೊಂಡು ಖೋಲಿಗೆ ಬಂದ್ರು. ಮಗಳ ಲಗ್ನದ ಮಾತಂತ.

“ನಾ ಜ್ಯೋತಿಷ್ಯ ಹೇಳಂಗಿಲ್ರಿ ಯಜಮಾನ್ರ” ಅಂದ್ರು ನಮ್ಮವರು.

“ಜ್ಯೋತಿಷಿ ನಮ್ಮೂರಾಗ ಅದಾನ್ರಿ. ಅಂವ ಚಿಕ್ಕಿ ನೋಡದ ಹೇಳ್ತಾನ. ನೀವು ಖುದ್ದ ನೋಡೀರಲ್ಲ?”

ಗಣಿತದವರು ಅಲ್ರೀ, ಸುಳ್ಳು ಹೇಳಾಕ ಬರಂಗಿಲ್ಲ. ಇದ್ದದ್ದು ಇದ್ದಂಗ ಹೇಳಿದ್ರು: ಅಲ್ಲಿ ಒಂದು ಚಿಕ್ಕಿ ತನ್ನ ಹೊದಿಕಿ ಕಳಕೊಂಡೈತಿ, ಇನ್ನೊಂದು ಅದರಾಗ ಒಂದಷ್ಟು ಸೆಳಕೊಂಡಿರಬೇಕು, ಇಬ್ಬರ ಗಾಳಿನೂ ನಡುವ ಡಿಕ್ಕಿ ಹೊಡದು ಬೆಂಕಿಯಂಥಾ ಕಾವು ಏಳತೈತಿ, ಮುಂದ ಒಂದಿನ ಒಂದು ಸಿಡದು ಹೋಗ್ತೈತಿ.

ನಾನು ಹಣಿ ಬಡಕೊಂಡೆ. ಮುಗೀತು, ಆ ಹುಡುಗಿ ಲಗ್ನ ಮುರದಂಗ. ಆದ್ರ ಹಿರಿಯರ ಮಾರಿ ಅರಳಿತು. ಕುಂಡಲಿ ಮಡಚಿ ಕಿಸೇಕ ಇಟ್ಟುಕೊಂಡು ಎದ್ರು.

“ಅಂದ್ರ ನಮ್ಮ ಮನ್ಯಾಗ ಇದ್ದಂಗ ಐತಿ. ಲಗ್ನ ಮಾಡಿ ಮುಗಸ್ತೇನಿ ಬಿಡ್ರಿ.”

ಕೌನ್ಸೆಲಿಂಗ್

ಹೋದ ಸಲ ವರ್ಗಾವಣೆ ಕೌನ್ಸೆಲಿಂಗಿಗೆ ಇಬ್ಬರನ್ನೂ ಒಂದ ದಿನ ಕರದ್ರು. ಗಣಿತದವರಿಗೆ ಒಂದು ಖೋಲಿ, ವಿಜ್ಞಾನದವರಿಗೆ ಇನ್ನೊಂದು. ಬಾಗಲದಾಗ ಫೋನ್ ಇಸಗೊಂಡ್ರು. ನಮ್ಮ ಮಾತು ಆಗಿತ್ತು: ಅವರು ಇಂಡಿಗೆ ಬರೂದು, ನಾ ಇದ್ದಲ್ಲೇ ಇರೂದು. ನನ್ನ ಅರ್ಜಿ ಸುಮ್ನ, ಕೈಗೊಂದು ಇರಲಿ ಅಂತ.

ಗೋಡಿಗೆ ಹಚ್ಚಿದ್ದ ಖಾಲಿ ಜಾಗಾದ ಪಟ್ಟಿ ನೋಡಿದೆ. ಇಂಡಿಯೊಳಗ ಗಣಿತಕ್ಕ ಒಂದೂ ಜಾಗಾ ಇಲ್ಲ! ನನಗ ಅಳು ಬಂತು. ಇನ್ನೊಂದು ವರ್ಷ ಅದ ಬಸ್ಸು, ಅದ ಚಾ. ಅಷ್ಟರಾಗ ನನ್ನ ಹೆಸರು ಕೂಗಿದ್ರು. ಕಂಪ್ಯೂಟರಿನ್ಯಾಗ ನೋಡ್ತೇನಿ, ಮುದ್ದೇಬಿಹಾಳದಾಗ ವಿಜ್ಞಾನಕ್ಕ ಒಂದು ಜಾಗಾ! ದೇವರ ಕೊಟ್ಟ ಅಂತ ಸಹಿ ಹಾಕಿಬಿಟ್ಟೆ. ಓಡಿಕೋಂತ ಹೊರಗ ಬಂದ್ರ, ಅವರೂ ಎದುರಿಗೆ ಓಡಿ ಬರಾಕತ್ತಿದ್ರು.

“ಆತು!” ಅಂದೆ.

“ನನ್ನದೂ ಆತು!” ಅಂದ್ರು.

“ನಿಮ್ಮದೇನಾತು?”

“ಅದ ಈಗ ಇಂಡಿ ಗಣಿತದ ಮಾಸ್ತರೊಬ್ಬರು ಬ್ಯಾರೆ ಊರು ತಗೊಂಡ್ರು. ಆ ಜಾಗಾ ಖಾಲಿ ಆತು, ನಾ ಹಿಡದೆ. ನೀ?”

“ಮುದ್ದೇಬಿಹಾಳ.”

ಇಬ್ಬರೂ ಸಾಹೇಬ್ರ ಮುಂದ ಹೋಗಿ ಕೈ ಮುಗದ್ವಿ. ಸಹಿ ಆದಮ್ಯಾಲ ಬದಲಿ ಇಲ್ಲ ಅಂದ್ರು. ಕಾಗದ ನೋಡಿ ಸಮಾಧಾನನೂ ಹೇಳಿದ್ರು: “ಯಾಕ ಅಳ್ತೀರಿ? ಇಬ್ಬರಿಗೂ ಬೇಕಂದ ಊರು ಸಿಕ್ಕಿದ್ದು ಇವತ್ತು ನಿಮಗಷ್ಟ.”

ಹೊರಗ ಕಟ್ಟಿಮ್ಯಾಲ ಕುಂತು ಮೊದಲ ನಕ್ಕಿವಿ, ಆಮ್ಯಾಲ ನಾ ಅತ್ತೆ. ಮನಿ ಬದಲಿಸೂದು ಬ್ಯಾಡ, ನಾ ಅವರ ಖೋಲ್ಯಾಗ, ಅವರು ನಮ್ಮ ಇಂಡಿ ಮನ್ಯಾಗ ಇರೂದು ಅಂತ ನಿಕ್ಕಿ ಆತು. ಅವರು ಸಣ್ಣ ದನಿಯಿಂದ, “ನಿನ್ನ ತಲಿದಿಂಬು ಒಯ್ಯಬ್ಯಾಡ. ಹಂಗ ಬಿಡು, ಒಗೀಬ್ಯಾಡ” ಅಂದ್ರು.

ಅದ ಮಾತು ನಾನೂ ಹೇಳಾವಾಕಿ ಇದ್ದೆ. ಆದ್ರ ಸಾಹೇಬ್ರ ಜವಾನ ಅಲ್ಲೇ ನಿಂತು ಕೇಳಾಕತ್ತಿದ್ದ. ಹಿಂಗಾಗಿ, “ನಿಮ್ಮದು ಮಾತ್ರ ಒಗದು ಬಿಡ್ರಿ, ಆ ಎಣ್ಣಿ ವಾಸನಿ ನನಗ ತಡಿಯಾಕ ಆಗಂಗಿಲ್ಲ” ಅಂತ ಜೋರ ಮಾಡಿದೆ.

ಮುದ್ದೇಬಿಹಾಳಕ್ಕ ಹೋಗಿ ಬೀಗ ತಗೀತಾ ಒಂದ ಹೆದರಿಕಿ: ಎಲ್ಲೆರ ಖರೇನ ಒಗದು ಇಟ್ಟಾರೇನು! ಒಳಗ ಹೋಗಿ ದಿಂಬಿಗೆ ಮಾರಿ ಹಚ್ಚಿದೆ.

ಪುಣ್ಯಾತ್ಮರು, ಹೆಂಡ್ತಿ ಮಾತು ಒಂದಿನಾನೂ ಕೇಳಿದವರಲ್ಲ. ಒಗದಿರಲಿಲ್ಲ.