ದೊಡ್ಡಮ್ಮನ ಮಾಡಹಾಗಲ ಬಳ್ಳಿ ಕಾರ್ಕಳಕ್ಕೆ ಹೋದದ್ದು

ನನ್ನ ಅಕ್ಷರ ಚಂದ. ಶಾಲೆಯ ಗುಮಾಸ್ತಿಕೆಯಿಂದ ನಿವೃತ್ತನಾದ ಮೇಲೆ ಮಣಿಪಾಲದ ಒಂದು ಕಾಲೇಜಿನವರು ನನ್ನನ್ನು ಕರೆದದ್ದು ಅದಕ್ಕಾಗಿಯೇ. ಒಣಗಿಸಿದ ಗಿಡಗಳನ್ನು ದಪ್ಪ ಹಾಳೆಗೆ ಅಂಟಿಸಿಡುವ ಕೋಣೆ ಅದು. ಪ್ರತಿ ಹಾಳೆಯ ಮೂಲೆಯಲ್ಲಿ ಗಿಡದ ಹೆಸರು, ಸಿಕ್ಕಿದ ಸ್ಥಳ, ತಂದವರ ಹೆಸರು ಬರೆಯುವುದು ನನ್ನ ಕೆಲಸ. "ಸರಿಯಾಗಿ ಇಟ್ಟರೆ ಇದು ನೂರು ವರ್ಷ ಬಾಳ್ತದೆ," ಎಂದರು ಸಸ್ಯಶಾಸ್ತ್ರದ ಮೇಡಂ. ನನ್ನ ಅಕ್ಷರವೂ ನೂರು ವರ್ಷ ಬಾಳುವುದೆಂದು ತಿಳಿದು ಆ ದಿನ ಎರಡು ತುತ್ತು ಹೆಚ್ಚೇ ಉಂಡೆ.

ಅಷ್ಟಕ್ಕೇ ಸುಮ್ಮನಿರಬೇಕಿತ್ತು. ಕಾಡುಬಳ್ಳಿಗಳ ಕಪಾಟಿನಲ್ಲಿ ಮಾಡಹಾಗಲ ಇಲ್ಲವೆಂದು ಮೇಡಂ ಹೇಳಿದ ಕೂಡಲೇ "ನಾನು ತರ್ತೇನೆ" ಎಂದುಬಿಟ್ಟೆ. ಕಾಪುವಿನ ನನ್ನ ದೊಡ್ಡಮ್ಮ ಪ್ರತಿ ವರ್ಷ ಜಡಿಮಳೆಯ ಆಟಿ ತಿಂಗಳಲ್ಲಿ ಆ ಮುಳ್ಳುಮುಳ್ಳು ಕಾಯಿಯನ್ನು ಒಂದು ಚೀಲ ಕೊಯ್ದು ತರುತ್ತಾರೆ. ಎಲ್ಲಿಂದ ಎಂದು ಸ್ವಂತ ಮಕ್ಕಳಿಗೂ ಹೇಳಿದವರಲ್ಲ. ಗೆಡ್ಡೆ ನೆಲದೊಳಗೆ ಉಳಿದು, ಪ್ರತಿ ಮಳೆಗಾಲ ಅದೇ ಜಾಗದಲ್ಲಿ ಬಳ್ಳಿ ಏಳುತ್ತದೆ. ಜಾಗ ಗೊತ್ತಾದರೆ ಇಡೀ ಊರು ಚೀಲ ಹಿಡಿದು ಬರುತ್ತದೆ.

ಕಾಡಿ ಬೇಡಿ ಅವರ ಹಿಂದೆ ಹೋದೆ. ಒಂದು ಪಾಳು ಹಿತ್ತಿಲಿನ ಬೇಲಿ. "ಬಾಯಿ ಬಿಟ್ಟರೆ ನಿನಗೂ ನನಗೂ ಮಾತಿಲ್ಲ ಮಾರಾಯ," ಎನ್ನುತ್ತಾ ದೊಡ್ಡಮ್ಮ ಹೂವು, ಕಾಯಿ ಸಮೇತ ಒಂದು ಬಳ್ಳಿ ಕೊಟ್ಟರು.

ನಾನು ಬಾಯಿ ಬಿಡಲಿಲ್ಲ. ಸ್ಥಳದ ಸಾಲನ್ನು ಖಾಲಿ ಬಿಟ್ಟೆ. "ಸ್ಥಳ ಬರೆಯದಿದ್ದರೆ ಇದು ಬರೀ ಹುಲ್ಲು," ಎಂದು ಮೇಡಂ ಹಾಳೆ ವಾಪಸ್ ಕೊಟ್ಟರು. ಉಭಯ ಪಕ್ಷಗಳ ಹಿತವನ್ನು ಕೂಲಂಕಷವಾಗಿ ಪರಿಶೀಲಿಸಿ, ನನ್ನ ಅತ್ಯುತ್ತಮ ಅಕ್ಷರದಲ್ಲಿ ಬರೆದೆ: 'ಕಾರ್ಕಳ, ಬಂಡೆಯ ಬುಡ.'

ಮರುವರ್ಷದ ಮಳೆಗಾಲದಲ್ಲಿ ಆ ಬಳ್ಳಿಯನ್ನು ನೋಡಲೆಂದು ಮೇಡಂ ವಿದ್ಯಾರ್ಥಿಗಳನ್ನು ಬಸ್ಸಿನಲ್ಲಿ ಕಾರ್ಕಳಕ್ಕೆ ಹೊರಡಿಸಿದರು. ದಾರಿ ತೋರಿಸಲು ನಾನು! ಕಾರ್ಕಳದಲ್ಲಿ ಬಂಡೆಗೆ ಬರವೇ? ಸಂಜೆಯವರೆಗೆ ಒಂದೊಂದಕ್ಕೂ ಸುತ್ತು ಹಾಕಿಸಿದೆ. ಬಸ್ಸು ಹತ್ತುವಾಗ ಮೇಡಂ 'ಇಲ್ಲಿ ನಶಿಸಿರಬಹುದು' ಎಂದು ಬರೆದುಕೊಂಡರು. ಅವರ ಮುಖ ಬಾಡಿತ್ತು. ಅಲ್ಲಿ ಹುಟ್ಟಿಯೇ ಇಲ್ಲದ ಬಳ್ಳಿಗೆ ಅವರು ದುಃಖಪಡುವುದನ್ನು ನೋಡಿ ನನಗೆ ನಾಚಿಕೆಯಾಯಿತು.

ಮರುದಿನವೇ ನಿಜ ಬರೆಯಲು ಅಪ್ಪಣೆ ಕೇಳಿಕೊಂಡು ದೊಡ್ಡಮ್ಮನಲ್ಲಿಗೆ ಹೋದೆ. ಅವರು ಸೌತೆಕಾಯಿ ಹೆಚ್ಚುತ್ತಿದ್ದರು.

"ಜಾಗದ ಹೆಸರು ಬರೆಯಲಾ ದೊಡ್ಡಮ್ಮ?"

"ಬರೆ. ಇನ್ನು ಎಂತ ಗುಟ್ಟು? ಆ ಹಿತ್ತಿಲು ಮಾರಿ ಆಯ್ತು. ಜೆಸಿಬಿ ತಂದು ಬೇಲಿಯನ್ನು ಬುಡಸಮೇತ ತೆಗೆದರು. ಈಗ ಕಾಂಪೌಂಡು ಉಂಟು." ಹೆಚ್ಚಿದ ಹೋಳುಗಳನ್ನು ಪಾತ್ರೆಗೆ ಸುರಿದು ಹೇಳಿದರು: "ನಿನ್ನ ಆ ಕಾಗದದಲ್ಲಾದರೂ ನಮ್ಮ ಬಳ್ಳಿ ಉಂಟಲ್ಲ. ಅಷ್ಟು ಸಾಕು."

ಕಾಗದದಲ್ಲಿ ಅದು ಕಾರ್ಕಳದ ಬಳ್ಳಿಯಾಗಿತ್ತು. ಸೀದಾ ಮಣಿಪಾಲದ ಬಸ್ಸು ಹತ್ತಿದೆ.

ಮೇಡಂ ಬಳಿ ಎಲ್ಲ ಒಪ್ಪಿಕೊಂಡೆ. ಅವರು ಬೈಯಲಿಲ್ಲ, ಬೈದಿದ್ದರೆ ಹಗುರವಾಗುತ್ತಿತ್ತು. ಸ್ಥಳದ ಸಾಲನ್ನು ಕೆರೆದು ತೆಗೆಯಲು ಬ್ಲೇಡು ಹಿಡಿದೆ.

"ಅಳಿಸುವ ಕ್ರಮ ಇಲ್ಲ," ಎಂದರು. "ಕೆಳಗೆ ಚೀಟಿ ಅಂಟಿಸುವುದು. ನೀವೇ ಬರೆಯಿರಿ, ನಿಮ್ಮ ಅಕ್ಷರ ಚಂದ ಅಲ್ವಾ?"

ಬರೆದೆ: 'ಮೇಲೆ ಬರೆದ ಸ್ಥಳ ಸುಳ್ಳು. ಬಳ್ಳಿ ಇದ್ದದ್ದು ಕಾಪುವಿನಲ್ಲಿ. ಈಗ ಅಲ್ಲಿಯೂ ಇಲ್ಲ. ತೋರಿಸಿಕೊಟ್ಟವರು ನನ್ನ ದೊಡ್ಡಮ್ಮ. ಸುಳ್ಳು ಬರೆದವನು ನಾನು.' ಕೆಳಗೆ ಸಹಿ ಹಾಕಿದೆ.

ಅಕ್ಷರ ಮುತ್ತಿನಂತೆ ಬಂದಿದೆ. ನೂರು ವರ್ಷ ಬಾಳುತ್ತದೆ.