ಬೀಗವಿಲ್ಲದ ವೈಫೈ

ಎಲ್ಲ ಶುರುವಾದದ್ದು ಒಂದು ‘ಟಿಣ್’ ಶಬ್ದದಿಂದ.

ಭಾನುವಾರ ಬೆಳಿಗ್ಗೆ ಬ್ರಷ್ಷನ್ನು ಬಾಯಲ್ಲಿ ಕಚ್ಚಿಕೊಂಡೇ ಸಿಗ್ನಲಣ್ಣ ಮೊಬೈಲ್ ನೋಡಿದ. ನೋಡಿದವನು ಬಾಯಲ್ಲಿದ್ದ ನೊರೆಯನ್ನು ಉಗಿಯುವುದು ಮರೆತು ನುಂಗಿಬಿಟ್ಟ.

ಇಂಟರ್ನೆಟ್ ಕಂಪನಿಯವರ ಮೇಲ್. ‘ನಿಮ್ಮ ಸಂಪರ್ಕದಿಂದ, ಹಕ್ಕು ಕಾಯ್ದಿರಿಸಿದ ಕೃತಿಯೊಂದನ್ನು ಅನುಮತಿಯಿಲ್ಲದೆ ಹಂಚಲಾಗುತ್ತಿದೆ ಎಂದು ದೂರು ಬಂದಿದೆ. ಇಂದು ಸಂಜೆಯೊಳಗೆ ದೂರುದಾರರು ದೂರನ್ನು ಹಿಂಪಡೆಯದಿದ್ದರೆ ನಿಮ್ಮ ಸಂಪರ್ಕವನ್ನು ಕಡಿತಗೊಳಿಸಲಾಗುವುದು. ನಿಮ್ಮ ಉತ್ತರವನ್ನು ದೂರುದಾರರಿಗೆ ತಲುಪಿಸುತ್ತೇವೆ. ದೂರುದಾರರ ಹೆಸರು ಗೋಪ್ಯ.’

“ಏನ್ರೀ ಅದು, ಮುಖ ಯಾಕೆ ಹಾಗಾಯ್ತು?” ಹೆಂಡತಿ ಅಡುಗೆಮನೆಯಿಂದಲೇ ಕೇಳಿದಳು.

“ಏನಿಲ್ಲ. ಪೇಸ್ಟು ಖಾರ.”

ಸಿಗ್ನಲಣ್ಣ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಪೇಟೆಯಲ್ಲಿ ಸಣ್ಣದೊಂದು ಕನ್ನಡಕದಂಗಡಿ ನಡೆಸುವ ಈ ಸಾಧು ಮನುಷ್ಯ ತನ್ನ ಮನೆಯ ವೈಫೈಗೆ ಪಾಸ್‌ವರ್ಡ್ ಇಟ್ಟಿರಲಿಲ್ಲ. ಮರೆತಲ್ಲ, ತತ್ವಕ್ಕಾಗಿ. ಆ ವಠಾರದೊಳಗೆ ಮೊಬೈಲ್ ಕಂಪನಿಗಳ ಸಿಗ್ನಲ್ ಬೇಕೆಂದರೆ ಕಿಟಕಿಯಿಂದಾಚೆ ಸೊಂಟದವರೆಗೆ ಬಾಗಬೇಕಿತ್ತು. ಇವನ ವೈಫೈ ಮಾತ್ರ ಒಗ್ಗರಣೆ ಘಾಟಿನ ಹಾಗೆ ಎಲ್ಲರ ಮನೆಗೂ ಹೋಗುತ್ತಿತ್ತು. ಹಾಗಾಗಿ ಆ ಹೆಸರು.

ತತ್ವ ಹುಟ್ಟಿದ್ದು ತಾರಸಿಯ ಮೇಲೆ. ವಠಾರದ ತಂತ್ರಜ್ಞಾನಪ್ರಿಯರು ವಾರಕ್ಕೊಮ್ಮೆ ಅಲ್ಲಿ ನೀರಿನ ಟ್ಯಾಂಕಿನ ನೆರಳಲ್ಲಿ ಕೂತು ಲೋಕದ ಸಮಸ್ಯೆಗಳನ್ನು ಇತ್ಯರ್ಥ ಮಾಡುತ್ತಿದ್ದರು. ಮೇಲಿನ ಮನೆಯ ಮೀಟರ್ ರೀಡರ್, ಎಲ್ಲರ ಬಾಯಲ್ಲಿ ರಾಕೆಟ್ ರಾಯ, ಬಾಹ್ಯಾಕಾಶದ ಸುದ್ದಿ ತರುತ್ತಿದ್ದರು. ಅಚ್ಚುಕೂಟದಲ್ಲಿ ಕರಡು ತಿದ್ದಿ ನಿವೃತ್ತರಾದ ಪ್ರೂಫ್ ಮಾವ, ಪರರ ಬರಹವನ್ನು ಮುಟ್ಟುವವರ ಕೈ ಕಡಿಯಬೇಕು ಎಂಬ ಪಕ್ಷದವರು. ಹೋದ ತಿಂಗಳು ‘ಇಂಟರ್ನೆಟ್ ಎಲ್ಲರದೇ, ಅಲ್ಲವೇ’ ಎಂಬ ಚರ್ಚೆಯಲ್ಲಿ, ಮನೆಯಲ್ಲೂ ದನಿ ಎತ್ತದ ಸಿಗ್ನಲಣ್ಣ ಎದ್ದು ನಿಂತು, “ಗಾಳಿಗೆ ಬಾಗಿಲಿಲ್ಲ, ಬೆಳಕಿಗೆ ಬೀಗವಿಲ್ಲ, ಇಂಟರ್ನೆಟ್ಟಿಗೇಕೆ ಗೋಡೆ?” ಎಂದು ಗುಡುಗಿಬಿಟ್ಟಿದ್ದ.

ಜೀವನದಲ್ಲಿ ಮೊದಲ ಸಲ ಅವನಿಗೆ ಚಪ್ಪಾಳೆ ಬಿದ್ದಿತ್ತು. ಯಾರೋ ಅದನ್ನು ರೆಕಾರ್ಡ್ ಕೂಡ ಮಾಡಿದ್ದರು. ಆಮೇಲೆ ಎಡಗಡೆ ರಾಕೆಟ್ ರಾಯ, ಬಲಗಡೆ ಪ್ರೂಫ್ ಮಾವ ಕೂತು, ‘ಭಾಷಣಕ್ಕೆ ಇದು ಮಾಡಿ, ಅದು ಮಾಡಿ’ ಎಂದು ಅವನ ಮೊಬೈಲಿನಲ್ಲಿ ಏನೇನೋ ತೆರೆಸಿದರು. ಯಾರ ಮನಸ್ಸನ್ನೂ ನೋಯಿಸಲು ಬಾರದ ಸಿಗ್ನಲಣ್ಣ, ಕಂಡ ಕಂಡಲ್ಲೆಲ್ಲ ‘ಒಪ್ಪಿಗೆ’ ಒತ್ತಿದ. ಅಂದಿನಿಂದ ಕನ್ನಡಿಯ ಮುಂದೆ ಗಡ್ಡ ಹೆರೆಯುವಾಗ ಆ ಸಾಲನ್ನು ದಿನವೂ ಒಮ್ಮೆ ಹೇಳಿಕೊಳ್ಳುತ್ತಿದ್ದ.

ಇವತ್ತು ಮಾತ್ರ ಗಡ್ಡ ಹೆರೆಯುವುದನ್ನೇ ಬಿಟ್ಟು ಆ ಮೇಲನ್ನು ಮತ್ತೆ ಮತ್ತೆ ಓದಿದ. ಕಾರಣ, ಸಂಜೆ ಚಂದ್ರನ ಮೇಲೆ ನೌಕೆಯೊಂದು ಇಳಿಯಲಿತ್ತು. ಅದರ ನೇರ ಪ್ರಸಾರದಲ್ಲಿ ವಿಜ್ಞಾನಿಯೊಬ್ಬರಿಗೆ ಪ್ರಶ್ನೆ ಕೇಳಲು ಆರಿಸಿದ ಮಕ್ಕಳಲ್ಲಿ ಇವನ ಮಗಳೂ ಒಬ್ಬಳು. ಕಾರ್ಯಕ್ರಮದವರು ಇದೇ ಸಂಪರ್ಕವನ್ನು ಪರೀಕ್ಷಿಸಿ, ‘ಇದನ್ನು ಬಿಟ್ಟು ಬೇರೆಯದರಿಂದ ಬರಬೇಡಿ’ ಎಂದು ಹೇಳಿದ್ದರು. ಆ ಹುಡುಗಿ ವಾರದಿಂದ ಬಾಚಣಿಗೆಯನ್ನು ಮೈಕಿನಂತೆ ಹಿಡಿದು ತನ್ನ ಪ್ರಶ್ನೆಯನ್ನು ಅಭ್ಯಾಸ ಮಾಡುತ್ತಿದ್ದಳು.

ಈಗಲೂ ಮಾಡುತ್ತಿದ್ದಳು. “ಅಪ್ಪಾ, ಕೇಳು. ನೌಕೆ ಜೊತೆ ಸಂಪರ್ಕ ತಪ್ಪಿಹೋದ್ರೆ, ಪಾಪ ಅದಕ್ಕೆ ಗೊತ್ತಾಗುತ್ತಾ? ಇಲ್ಲಾ, ಯಾರೂ ಕೇಳ್ದೇ ಇದ್ರೂ ಮಾತಾಡ್ತಾನೇ ಇರುತ್ತಾ?”

“ಚೆನ್ನಾಗಿದೆ ಪುಟ್ಟಿ,” ಎಂದ ಸಿಗ್ನಲಣ್ಣ, ‘ಸಂಪರ್ಕ’ ಎಂಬ ಮಾತು ಕಿವಿಗೆ ಬಿದ್ದದ್ದೇ ಚಪ್ಪಲಿ ಮೆಟ್ಟಿಕೊಂಡ.

ಮೊದಲು ಅವನು ಹೋದದ್ದು ಕೆಳಗಿನ ಮನೆಯ ಅಜ್ಜಿಯ ಹತ್ತಿರ. “ಅಜ್ಜಿ, ನಮ್ಮ ವೈಫೈನಲ್ಲಿ ನೀವೇನಾದ್ರೂ ಸಿನಿಮಾ ಗಿನಿಮಾ...”

“ಅಯ್ಯೋ ನನ್ನಪ್ಪಾ, ಬರೀ ಸೀರಿಯಲ್ಲು ಕಣೋ! ಅದೂ ಅತ್ತೆ ಕಾಟ ಕೊಡೋದು ಬಂದ್ರೆ ಮುಂದಕ್ಕೆ ಓಡಿಸಿಬಿಡ್ತೀನಿ. ಪೊಲೀಸರು ಬರ್ತಾರಾ?”

“ಇಲ್ಲ ಅಜ್ಜಿ, ಸುಮ್ನೆ ಕೇಳ್ದೆ.”

ಕೇಳಿದ್ದು ಸುಮ್ಮನೆ ಆಗಿದ್ದರೂ ಅಜ್ಜಿ ಸುಮ್ಮನಿರುವವರಲ್ಲ. ಅವನು ಮೆಟ್ಟಿಲು ಹತ್ತಿ ಮನೆ ಸೇರುವ ಮೊದಲೇ, ಸಿಗ್ನಲಣ್ಣನ ಮನೆಗೆ ಪೊಲೀಸರು ಬರುತ್ತಾರಂತೆ ಎಂಬ ಸುದ್ದಿ ತಾರಸಿಯವರೆಗೂ ಹೋಗಿ, ತಾರಸಿಯವರನ್ನು ಕರೆದುಕೊಂಡು ವಾಪಸು ಬಂದಿತ್ತು. ಗಾಬರಿಯಲ್ಲಿ ಸಿಗ್ನಲಣ್ಣ ತತ್ವವನ್ನು ಪಕ್ಕಕ್ಕಿಟ್ಟು ವೈಫೈಗೆ ಪಾಸ್‌ವರ್ಡ್ ಹಾಕಿದ. ಹಾಕಿದ್ದೇ ತಡ, ಬಿಲಕ್ಕೆ ನೀರು ಹೊಯ್ದ ಹಾಗೆ ಒಂದೊಂದೇ ಬಾಗಿಲು ತೆರೆದು ಜನ ಹೊರಗೆ ಬಂದರು. ಎಷ್ಟೋ ವರ್ಷಗಳಿಂದ ಮುಖವನ್ನೇ ತೋರಿಸದಿದ್ದ ಮೂಲೆಮನೆಯವರೂ ಕಣ್ಣುಜ್ಜಿಕೊಂಡು ಬಂದು, “ಏನ್ರೀ, ಪ್ರಪಂಚ ನಿಂತೋಯ್ತಾ?” ಎಂದರು.

ಸಿಗ್ನಲಣ್ಣ ಮೇಲ್ ತೋರಿಸಿದ. ಅವನಿಗೆ ಬೇಕಾದದ್ದು ಸಹಾಯ. ಸಿಕ್ಕಿದ್ದು ಚರ್ಚೆ.

“ನಾನು ಹೇಳ್ತಾನೇ ಇದ್ದೆ!” ಪ್ರೂಫ್ ಮಾವ ಬೆರಳೆತ್ತಿದರು. “ಯಾರದೋ ಬೆವರು, ಯಾರದೋ ಕೃತಿ. ಕದ್ದವನು ಈ ವಠಾರದಲ್ಲೇ ಇದಾನೆ. ದೂರು ಕೊಟ್ಟ ಆ ಪುಣ್ಯಾತ್ಮನ ಕಾಲಿಗೆ ಬೀಳ್ಬೇಕು!”

“ಕಾಲಿಗೆ ಬೀಳೋದಾ? ಜ್ಞಾನಕ್ಕೆ ಬೇಲಿ ಹಾಕಿದ್ರೆ ಮನುಷ್ಯ ಚಂದ್ರನವರೆಗೆ ಹೋಗ್ತಿದ್ನಾ ಮಾವ?” ರಾಕೆಟ್ ರಾಯ ಕಿಟಕಿಯಿಂದಾಚೆ ಚಾಚಿದ್ದ ತಲೆಯನ್ನು ಒಳಗೆ ತಂದರು. “ಅಂದಹಾಗೆ, ನೌಕೆ ಕೆಳಗಿನ ಕಕ್ಷೆಗೆ ಬಂತಂತೆ!”

“ಚಂದ್ರನ ಫೋಟೋ ತೆಗೆದವನಿಗೂ ಹಕ್ಕಿರುತ್ತೆ ಕಣಯ್ಯ!”

“ಚಂದ್ರ ಯಾರಪ್ಪಂದು?”

“ಸ್ವಾಮಿ, ನನ್ನ ಮಗಳ ಪ್ರಶ್ನೆ...” ಎಂದ ಸಿಗ್ನಲಣ್ಣ. ಚಂದ್ರ ಯಾರ ಅಪ್ಪನದು ಎಂಬ ಗಲಾಟೆಯಲ್ಲಿ ಮಗಳ ಅಪ್ಪನನ್ನು ಕೇಳುವವರೇ ಇರಲಿಲ್ಲ.

ಅಷ್ಟರಲ್ಲಿ ಎದುರುಮನೆಯ ವಕೀಲರು ಬಂದರು. ಜಗಳದ ವಾಸನೆ ಅವರಿಗೆ ಇಸ್ತ್ರಿ ಬಟ್ಟೆಯಷ್ಟೇ ಪ್ರಿಯ. ಮೇಲನ್ನು ಓದಿ, ಕನ್ನಡಕವನ್ನು ಹಣೆಗೇರಿಸಿ, ಅಂಗಿಯ ತೋಳು ಮಡಿಸಿದರು.

“ಹೆದರಿದ್ರೆ ಸತ್ತಿರಿ. ಹೆಸರು ಗೋಪ್ಯ ಅಂದ್ರೇನರ್ಥ? ಪುಕ್ಕಲ! ಬರೀರಿ ನಾನು ಹೇಳಿದಂಗೆ.”

“ಸ್ವಲ್ಪ ಮೆತ್ತಗೆ ಬರೆದ್ರೆ...”

“ಮೆತ್ತಗಿರೋದು ದಿಂಬು. ಬರೀರಿ!”

ಸಿಗ್ನಲಣ್ಣ ಬರೆದ. ‘ಎಲೈ ಅನಾಮಧೇಯ ದೂರುದಾರನೇ, ಮಾಡಲು ಬೇರೆ ಕಸುಬಿಲ್ಲದೆ ಮಕ್ಕಳ ಇಂಟರ್ನೆಟ್ಟಿಗೆ ಕತ್ತರಿ ಹಿಡಿದು ಕೂತಿರುವ ನಿನ್ನ ಬುದ್ಧಿಮಟ್ಟವನ್ನು ನೆನೆದು ನಮಗೆ ಕನಿಕರ ಉಂಟಾಗಿದೆ. ನಿನ್ನ ಆ ಕೃತಿ ಯಾವುದೋ ನಾವರಿಯೆವು. ಯಾರಾದರೂ ಅರಿಯುವಷ್ಟು ಯೋಗ್ಯತೆ ಅದಕ್ಕೆ ಇರಲಾರದು.’

“ಕೊನೇಲಿ ನೀವೂ ಒಂದು ಮಾತು ಸೇರಿಸಿ. ಎದೆಯಿಂದ ಬರ್ಲಿ,” ಎಂದು ವಕೀಲರು ಹುರಿದುಂಬಿಸಿದರು.

ಸಿಗ್ನಲಣ್ಣ ಒಳಕೋಣೆಯತ್ತ ನೋಡಿದ. ಮಗಳು ಬಾಚಣಿಗೆಗೆ ಪ್ರಶ್ನೆ ಕೇಳುತ್ತಲೇ ಇದ್ದಳು. ಎಲ್ಲಿತ್ತೋ ಧೈರ್ಯ, ಟೈಪ್ ಮಾಡಿದ: ‘ನಿನಗೂ ಒಬ್ಬಳು ಮಗಳಿದ್ದಿದ್ದರೆ ನೀನು ಹೀಗೆ ಮಾಡುತ್ತಿರಲಿಲ್ಲ, ಮೂರ್ಖ.’

ಎಲ್ಲರೂ ಶಹಬ್ಬಾಸ್ ಎಂದರು. ಶಹಬ್ಬಾಸ್ ಹೇಳಿ, ಹೊಸ ಪಾಸ್‌ವರ್ಡ್ ಕೇಳಿ, ಬರೆದುಕೊಂಡು ಹೋದರು.

ಕಳುಹಿಸಿದ ಮೇಲೆ ಅವನಿಗೆ ಹೆದರಿಕೆ ಶುರುವಾಯಿತು. ಊಟಕ್ಕೆ ಕೂತು ಅನ್ನವನ್ನು ಸುಮ್ಮನೆ ಕಲಸುತ್ತಿದ್ದ. ಆ ದೂರುದಾರ ಯಾರೋ, ಎಂಥ ದೊಡ್ಡ ಮನುಷ್ಯನೋ. ಕನಿಕರ ಬೇಡಿದ್ದರೆ ಕೊಡುತ್ತಿದ್ದನೇನೋ. ಈಗ ಮೂರ್ಖ ಅನ್ನಿಸಿಕೊಂಡ ಮೇಲೆ ಬಿಟ್ಟಾನೆಯೇ? ಹೆಂಡತಿ ಏನೂ ಕೇಳದೆ ಅವನ ತಟ್ಟೆಗೆ ಇನ್ನಷ್ಟು ಮೊಸರು ಹಾಕಿದಳು. ಅವಳು ಏನೂ ಕೇಳದಿದ್ದಾಗಲೇ ಅವನಿಗೆ ಹೆಚ್ಚು ಭಯ. ಮಗಳು ಮಾತ್ರ, “ಅಪ್ಪಾ, ಯಾವ ಫ್ರಾಕು ಹಾಕ್ಕೊಳ್ಲಿ? ಚಂದ್ರನ ಪಕ್ಕ ಯಾವ ಬಣ್ಣ ಎದ್ದು ಕಾಣುತ್ತೆ?” ಎಂದು ಕೇಳಿದಳು. ಸಿಗ್ನಲಣ್ಣನಿಗೆ ಕಣ್ಣು ಮಂಜಾಯಿತು. ಮೊಸರಿಗೆ ಉಪ್ಪು ಬೇಕಾಗಲಿಲ್ಲ.

ಮಧ್ಯಾಹ್ನ ಕಳೆಯಿತು. ಕಿಟಕಿಯಿಂದ ರಾಕೆಟ್ ರಾಯರ ಕೂಗು ಬಂತು: “ನೌಕೆ ಇನ್ನೂ ಕೆಳಗೆ ಬಂತು!” ಸಿಗ್ನಲಣ್ಣನ ಎದೆಯೂ ಅದರ ಜೊತೆಗೇ ಕೆಳಗೆ ಬಂತು.

ಮತ್ತೆ ಟಿಣ್.

‘ಮಾನ್ಯರೇ, ನಮ್ಮ ಹಕ್ಕುಕಾವಲು ಸೇವೆಯ ಮೂಲಕ ತಾವು ನೀಡಿದ ದೂರಿಗೆ ಆರೋಪಿಯ ಉತ್ತರ ಬಂದಿದೆ. ಕೆಳಗೆ ನೋಡಿ.’

ಕೆಳಗೆ ನೋಡಿದ. ‘ಎಲೈ ಅನಾಮಧೇಯ ದೂರುದಾರನೇ...’

ಸಿಗ್ನಲಣ್ಣ ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದ. ಕೃತಿಯ ಹೆಸರು: ‘ಇಂಟರ್ನೆಟ್ಟಿಗೇಕೆ ಗೋಡೆ (ಭಾಷಣ)’. ಹಕ್ಕುದಾರರು: ತಾವು. ಹಂಚಿದವರು: ಅದೂ ತಾವೇ.

ತಾರಸಿಯ ಆ ದಿನದ ಎಡಗಡೆ, ಬಲಗಡೆ ಎರಡೂ ಅವನಿಗೆ ಒಟ್ಟಿಗೆ ನೆನಪಾದವು. ರಾಕೆಟ್ ರಾಯ, ‘ಲೋಕಕ್ಕೆಲ್ಲ ಹಂಚಿ’ ಎಂದು ಭಾಷಣವನ್ನು ಇವನ ಸಂಪರ್ಕದಿಂದಲೇ ಹಂಚಲು ಹಚ್ಚಿದ್ದರು. ಪ್ರೂಫ್ ಮಾವ, ‘ಯಾರೂ ಮುಟ್ಟದ ಹಾಗೆ ಕಾವಲು ಹಾಕಿ’ ಎಂದು ಅದೇ ಭಾಷಣಕ್ಕೆ ಕಾವಲು ಹಾಕಿಸಿದ್ದರು. ಇಬ್ಬರಿಗೂ ಬೇಸರವಾಗದಿರಲಿ ಎಂದು ಇವನು ಎರಡಕ್ಕೂ ಒಪ್ಪಿಗೆ ಒತ್ತಿದ್ದ. ಕಾವಲಿನ ಯಂತ್ರ ತಿಂಗಳಿಡೀ ಊರೆಲ್ಲ ಹುಡುಕಿ, ಕೊನೆಗೆ ಕಳ್ಳನನ್ನು ಯಜಮಾನನ ಮನೆಯಲ್ಲೇ ಹಿಡಿದಿತ್ತು.

ಅವಮಾನಕ್ಕಿಂತ ಅವನನ್ನು ಚುಚ್ಚಿದ್ದು ‘ಅಷ್ಟು ಯೋಗ್ಯತೆ ಅದಕ್ಕೆ ಇರಲಾರದು’ ಎಂಬ ಸಾಲು. ಅಷ್ಟೇನೂ ಕೆಟ್ಟದಾಗಿರಲಿಲ್ಲ ಭಾಷಣ.

ಬೆನ್ನ ಹಿಂದೆ ಯಾರೋ ಉಸಿರು ಬಿಗಿಹಿಡಿದ ಸದ್ದು. ಹೆಂಡತಿ. ಎಲ್ಲ ಓದಿ, ತುಟಿ ಕಚ್ಚಿಕೊಂಡು ನಿಂತಿದ್ದಳು. ಅವಳ ಭುಜ ಮಾತ್ರ ಕುಲುಕುತ್ತಿತ್ತು.

“ಯಾರಿಗೂ ಹೇಳ್ಬೇಡ ಕಣೇ.”

“ಹೇಳಲ್ಲ. ಮೊದಲು ಆ ದೂರು ಹಿಂದಕ್ಕೆ ತಗೊಳ್ಳಿ. ಆಮೇಲೆ ನಿಮ್ಮ ದಮ್ಮಯ್ಯ, ಇವತ್ತೊಂದು ದಿನ ಬಾಯಿ ಬಿಡ್ಬೇಡಿ.”

‘ದೂರು ಹಿಂಪಡೆಯಿರಿ’ ಎಂಬುದನ್ನು ಅವನು ಒತ್ತಿದ. ‘ಈ ಒಂದು ದೂರನ್ನು ಹಿಂಪಡೆಯಲಾಗಿದೆ’ ಎಂದು ಬಂತು. ಅದರ ಕೆಳಗೆ ಸಣ್ಣಕ್ಷರದಲ್ಲಿ ಇನ್ನೂ ಏನೋ ಇತ್ತು. ಓದುವ ತಾಳ್ಮೆ ಯಾರಿಗಿತ್ತು? ಬಾಗಿಲಲ್ಲಾಗಲೇ ಜನ. ದೂರು ಹಿಂದಕ್ಕೆ ಹೋಯಿತು ಎಂದಷ್ಟೇ ಅವನು ಹೇಳಿದ.

“ಹಿಂದಕ್ಕೆ ತಗೊಂಡ್ನಾ? ನಿಜವಾಗ್ಲೂ?” ವಕೀಲರು ಮಡಿಸಿದ್ದ ತೋಳನ್ನು ಗಂಭೀರವಾಗಿ ಇಳಿಸಿದರು. “ನೋಡಿದ್ರಾ, ಒಂದೇ ಪತ್ರಕ್ಕೆ ಚಳಿ ಬಿಟ್ಟೋಯ್ತು. ಅಂಥ ನಾಲಾಯಕ್ಕುಗಳಿಗೆ ಅದೇ ಭಾಷೆ ಸರಿ.”

“ಹೌದು,” ಎಂದ ಸಿಗ್ನಲಣ್ಣ, ನೆಲ ನೋಡುತ್ತ.

ಸಂಜೆ ವಠಾರಕ್ಕೆ ವಠಾರವೇ ಅವನ ಪುಟ್ಟ ಹಜಾರದಲ್ಲಿ ತುಂಬಿಕೊಂಡಿತು. ಅಜ್ಜಿಗೆ ಕುರ್ಚಿ, ಉಳಿದವರಿಗೆ ನೆಲ. ಪರದೆಯ ಅರ್ಧದಲ್ಲಿ ಬೂದಿಬಣ್ಣದ ಚಂದ್ರ, ಇನ್ನರ್ಧದಲ್ಲಿ ಬೆಳ್ಳಿಗೂದಲಿನ ವಿಜ್ಞಾನಿ. ನೌಕೆ ಇಳಿಯಿತು. ರಾಕೆಟ್ ರಾಯರು ತಾವೇ ಇಳಿಸಿದವರಂತೆ ಅತ್ತರು. ಆಮೇಲೆ ಪರದೆಯ ಮೇಲೆ ಹಳದಿ ಫ್ರಾಕಿನ ಮಗಳು ಮೂಡಿದಳು. ಇಡೀ ಹಜಾರ ಉಸಿರು ಹಿಡಿಯಿತು.

ಅವಳು ತಡವರಿಸದೆ ಕೇಳಿದಳು, ಬಾಚಣಿಗೆಗೆ ಕೇಳಿದಷ್ಟೇ ಚೆನ್ನಾಗಿ.

ವಿಜ್ಞಾನಿಯ ಮುಖ ಅರಳಿತು. “ಎಷ್ಟು ಒಳ್ಳೆ ಪ್ರಶ್ನೆ ಮರಿ! ಇಷ್ಟು ವರ್ಷದಲ್ಲಿ ನನ್ನನ್ನ ಯಾರೂ ಇದನ್ನ ಕೇಳಿರ್ಲಿಲ್ಲ. ಉತ್ತರ ಹೇಳ್ತೀನಿ. ಅದಕ್ಕೆ ಮುಂಚೆ, ಹೀಗೆ ಯೋಚನೆ ಮಾಡೋದನ್ನ ನಿಂಗೆ ಹೇಳಿಕೊಟ್ಟೋರು ಯಾರು?”

“ನಮ್ಮಪ್ಪ!”

“ಅಪ್ಪ ಇದ್ದಾರಾ ಅಲ್ಲಿ? ಒಂದು ಮಾತಾಡ್ಲಿ, ಕೇಳೋಣ.”

ಹಿಂದಿನಿಂದ ಎಷ್ಟೋ ಕೈಗಳು ಸಿಗ್ನಲಣ್ಣನನ್ನು ಮುಂದಕ್ಕೆ ದಬ್ಬಿದವು. ಹೆಂಡತಿ ಅಡುಗೆಮನೆಯ ಬಾಗಿಲಿನಿಂದ ತುಟಿಯ ಮೇಲೆ ಬೆರಳಿಟ್ಟು ತೋರಿಸುತ್ತಿದ್ದಳು. ಅವನು ಅದನ್ನು ನೋಡಿದ. ನಮಸ್ಕಾರ ಅಂದು ಕೂತುಬಿಡಬೇಕು ಎಂದೇ ನಿಶ್ಚಯಿಸಿದ್ದ. ಆದರೆ ಅಷ್ಟು ಜನರ ಮುಂದೆ, ಮಗಳು ಹೆಮ್ಮೆಯಿಂದ ನೋಡುತ್ತಿರುವಾಗ, ತಲೆಯೊಳಗೆ ಬಾಯಿಪಾಠವಾಗಿ ಕೂತದ್ದು ಒಂದೇ ಸಾಲು. ಅದು ತಾನಾಗಿಯೇ ಹೊರಬಂತು, ತಾರಸಿಯಲ್ಲಿ ಬಂದಷ್ಟೇ ಗಟ್ಟಿಯಾಗಿ.

“ಗಾಳಿಗೆ ಬಾಗಿಲಿಲ್ಲ, ಬೆಳಕಿಗೆ ಬೀಗವಿಲ್ಲ, ಇಂಟರ್ನೆಟ್ಟಿಗೇಕೆ...”

ಪರದೆ ಕಪ್ಪಾಯಿತು.

ಚಂದ್ರ ಇಲ್ಲ, ವಿಜ್ಞಾನಿ ಇಲ್ಲ, ಉತ್ತರ ಇಲ್ಲ. ಕಪ್ಪಿನ ನಡುವೆ ಬಿಳಿ ಅಕ್ಷರ ಮೂಡಿತು: ‘ಹಕ್ಕು ಕಾಯ್ದಿರಿಸಿದ ಭಾಷಣದ ಮಾತುಗಳು ಈ ಸಂಪರ್ಕದಿಂದ ನೇರ ಪ್ರಸಾರವಾಗುತ್ತಿರುವುದನ್ನು ನಮ್ಮ ಕಾವಲು ಪತ್ತೆಹಚ್ಚಿದೆ. ಎರಡನೆಯ ದೂರಾದ್ದರಿಂದ ಸಂಪರ್ಕವನ್ನು ಕೂಡಲೇ ಕಡಿತಗೊಳಿಸಲಾಗಿದೆ. ದೂರುದಾರರ ಹೆಸರು ಗೋಪ್ಯ.’

ಮಗಳು ಕಪ್ಪು ಪರದೆಯನ್ನೇ ನೋಡುತ್ತ, ಮೆಲ್ಲಗೆ ಕೇಳಿದಳು: “ಅಪ್ಪಾ, ಅವ್ರು ಅಲ್ಲಿ ಇನ್ನೂ ನಂಗೆ ಉತ್ತರ ಹೇಳ್ತಾನೇ ಇದಾರಾ?”

ಸಿಗ್ನಲಣ್ಣ ಅವಳ ತಲೆಯ ಮೇಲೆ ಕೈಯಿಟ್ಟ.

ಹಿಂದಿನಿಂದ ವಕೀಲರ ದನಿ ಗುಡುಗಿತು. “ಮತ್ತೆ ಬಂದ್ನಾ ಆ ನಾಲಾಯಕ್ಕು! ಮಗೂನ ಅಳಿಸ್ತಾನಾ? ಇವತ್ತು ಅವನನ್ನ ಬಿಡೋದಿಲ್ಲ!” ಅವರು ಅಂಗಿಯ ತೋಳನ್ನು ಈ ಸಲ ಮೊಣಕೈಗಿಂತ ಮೇಲಕ್ಕೆ ಮಡಿಸಿದರು. ವಠಾರವಿಡೀ ಸುತ್ತ ಬಂದು ನಿಂತಿತು. ದೂರುದಾರನ ಕಾಲಿಗೆ ಬೀಳಬೇಕೆಂದಿದ್ದ ಪ್ರೂಫ್ ಮಾವನೇ ಪೆನ್ನು, ಕಾಗದ ತಂದುಕೊಟ್ಟರು.

“ತಗೊಳ್ಳಿ ಸಿಗ್ನಲಣ್ಣ, ಬರೀರಿ. ಎಲೈ ನೀಚನೇ...”

ಸಿಗ್ನಲಣ್ಣ ಬರೆಯತೊಡಗಿದ.